ಜಮಖಾನದ ಮೇಲಿನ ಕುಂಚಿಗೆ

ನಿಶ್ಚಯವಾದ ಮದುವೆ ಮುರಿದರೆ ಆಮೇಲಿನ ವ್ಯವಹಾರಕ್ಕೂ ನಮ್ಮ ಬಳಗದಲ್ಲಿ ಒಂದು ರೀತಿ ಇದೆ. ಹುಡುಗನ ಮನೆಯವರು ಹುಡುಗಿಯ ಮನೆಗೆ ಬರುವಂತಿಲ್ಲ, ಇವರು ಅವರ ಬಾಗಿಲಿಗೆ ಹೋಗುವಂತಿಲ್ಲ. ಸಂಬಂಧ ಕೂಡಿಸಿದವರ ಮನೆಯಲ್ಲಿ ಹಿರಿಯರು ಕೂಡುತ್ತಾರೆ. ಪಡಸಾಲೆಯಲ್ಲಿ ಒಂದು ಜಮಖಾನ ಹಾಸುತ್ತಾರೆ. ಕೊಟ್ಟದ್ದು, ತಂದದ್ದು ಎಲ್ಲವನ್ನೂ ಒಂದೊಂದಾಗಿ ಅದರ ಮೇಲಿಟ್ಟು, ಇದು ಇಂಥವರದು ಎಂದು ಬಾಯಿಬಿಟ್ಟು ಹೇಳಿ ಒಪ್ಪಿಸಬೇಕು. ಎಲ್ಲ ಮುಗಿದ ಮೇಲೆ ಮನೆಯ ಯಜಮಾನ ಜಮಖಾನ ಮಡಚುತ್ತಾನೆ. ಅಲ್ಲಿಂದಾಚೆಗೆ ಅದು ಉಳಿಯಿತು, ಇದು ಮರೆತೆವು ಎಂದು ಯಾರೂ ಕೇಳುವಂತಿಲ್ಲ.

ಅದನ್ನು ಮಡಚುವುದರೊಳಗೆ ನನ್ನ ಅಂಗಡಿ ಆ ಜಮಖಾನದ ಮೇಲೆ ಬರಬೇಕಾಗಿತ್ತು.

ಅಂಗಡಿ ಎಂದೆನೆಂದು ಅಫಜಲಪುರದ ಬಜಾರಿನಲ್ಲಿ ಹುಡುಕಬೇಡಿ, ಸಿಗುವುದಿಲ್ಲ. ಕಂಪ್ಯೂಟರಿನೊಳಗೆ ಒಂದು ಲೋಕವಿದೆ. ಎಲ್ಲೆಲ್ಲಿಯ ಜನರೋ ಅಲ್ಲಿ ತಮಗೊಂದು ಗೊಂಬೆಯ ರೂಪ ಮಾಡಿಕೊಂಡು ಓಡಾಡುತ್ತಾರೆ. ಅದಕ್ಕೆ ಅವತಾರ ಎನ್ನುತ್ತಾರೆ. ಅವತಾರಗಳು ಬೀದಿ ಸುತ್ತುತ್ತವೆ, ಕುಣಿಯುತ್ತವೆ, ಗೆಳೆತನ ಮಾಡುತ್ತವೆ. ಬತ್ತಲೆ ತಿರುಗಲಿಕ್ಕಾಗುತ್ತದೆಯೇ? ಬಟ್ಟೆ ಬೇಕು. ನಾನು ಆ ಬಟ್ಟೆ ಹೊಲಿದು ಮಾರುವವಳು. ಸೂಜಿ ಇಲ್ಲ, ದಾರ ಇಲ್ಲ. ಲ್ಯಾಪ್‌ಟಾಪಿನಲ್ಲಿ ಆಕಾರ ಎಬ್ಬಿಸಿ, ಬಣ್ಣ ನೇಯ್ಗೆ ಹೊದಿಸಿ, ಅವತಾರ ಕೈ ಎತ್ತಿದರೆ ತೋಳೂ ಏಳುವಂತೆ, ಓಡಿದರೆ ನೆರಿಗೆ ಹಾರುವಂತೆ ಅದನ್ನು ಮೈಗೆ ಕೂಡಿಸಬೇಕು. ನಮ್ಮ ಓಣಿಯ ಶರೀಫಾಬಿ ಚಾಚಿಯ ಹತ್ತಿರ ನಾನು ನಿಜವಾದ ಬಟ್ಟೆ ಕತ್ತರಿಸುವುದನ್ನು ಕಲಿತಿದ್ದೆ. ಉಳಿದದ್ದನ್ನು ಮೊಬೈಲಿನಲ್ಲಿ ನೋಡಿ ನೋಡಿ, ಕೆಡಿಸಿ ಕೆಡಿಸಿ ಕಲಿತೆ.

ನನ್ನ ಅಂಗಡಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಹೋಗುತ್ತಿದ್ದದ್ದು ಕುಂಚಿಗೆ. ಹೌದು, ಕೂಸಿಗೆ ತೊಡಿಸುವ ಅದೇ ಕುಂಚಿಗೆ. ತಲೆಗೆ ಟೊಪ್ಪಿಗೆ, ಅದರಿಂದ ಬೆನ್ನ ತುಂಬ ಇಳಿಬಿದ್ದ ಖಣದ ಬಟ್ಟೆ, ಅಂಚಿಗೆ ಗೊಂಡೆ. ನಾನು ಅದನ್ನು ಆಳೆತ್ತರಕ್ಕೆ ಹೊಲಿದೆ. ನೀಲಿ ಕೂದಲಿನವರು, ರೆಕ್ಕೆ ಇದ್ದವರು, ನರಿಯ ಮುಖದವರು, ಎಲ್ಲರೂ ನಮ್ಮೂರ ಕೂಸುಗಳ ಹಾಗೆ ಕುಂಚಿಗೆ ಹಾಕಿಕೊಂಡು ತಿರುಗತೊಡಗಿದರು. ಮೊದಲ ಸಲ ನೋಡಿದಾಗ ಹೊಟ್ಟೆ ಹಿಡಿದುಕೊಂಡು ನಕ್ಕೆ. ಆಮೇಲೆ ಅಳು ಬಂತು. ನಾನು ಮಾಡಿದ್ದನ್ನು ಯಾರೋ ಮೆಚ್ಚಿ ತೊಟ್ಟಿದ್ದರಲ್ಲ, ಅದಕ್ಕೆ.

ಆ ಅಂಗಡಿ ತೆರೆದುಕೊಟ್ಟವನು ಕಲ್ಯಾಣಕುಮಾರ. ಜೇವರ್ಗಿಯಲ್ಲಿ ಅವನದೊಂದು ಆನ್‌ಲೈನ್ ಸೆಂಟರ್ ಇದೆ. ಆಗಷ್ಟೇ ನಮ್ಮ ನಿಶ್ಚಯವಾಗಿತ್ತು. ಅವನ ಫೋನ್ ನಂಬರು, ಅವನ ಬ್ಯಾಂಕ್ ಖಾತೆ ಹಾಕಿ ಎಲ್ಲ ಸಿದ್ಧಮಾಡಿ, "ನಾಳೆ ಮದ್ವಿ ಆದ ಮ್ಯಾಲ ನಂದೇನು, ನಿಂದೇನು ಬೇ" ಎಂದ. ನಾನು ತಲೆಯಾಡಿಸಿದೆ. ಸಿಮ್ಮು ಅಪ್ಪನ ಹೆಸರಲ್ಲಿ, ಅಂಗಡಿ ಆಗಬೇಕಾದ ಗಂಡನ ಹೆಸರಲ್ಲಿ, ದುಡಿಮೆ ಮಾತ್ರ ತನ್ನದು! ಇಂಥ ಜಾಣತನ ನಮ್ಮ ಕಡೆಯ ಹುಡುಗಿಯರಿಗೇ ಹೊಳೆಯಬೇಕು.

ಸುಳ್ಳು ಹೇಳಬಾರದು, ಮೊದಮೊದಲು ಅವನೂ ಕಷ್ಟಪಟ್ಟ. ಗಿರಾಕಿಗಳಿಗೆ ಇಂಗ್ಲಿಷಿನಲ್ಲಿ ಉತ್ತರ ಬರೆದ, ಅಂಗಡಿಯ ಗೋಡೆಗಳಿಗೆ ಚಿತ್ರ ಹಚ್ಚಿದ. ಆದರೆ ಹೆಸರು ಬರತೊಡಗಿದ್ದೇ ತಡ, ನನ್ನ ಕುಂಚಿಗೆಗೆ 'ಕೆ.ಕೆ. ಹುಡ್' ಎಂದು ನಾಮಕರಣ ಮಾಡಿದ. ಡಿಸೈನರ್ ಯಾರು ಎಂದು ಕೇಳಿದವರಿಗೆಲ್ಲ ತಾನೇ ಎಂದ. ನಾನು ಕೇಳಿದರೆ, "ಮದ್ವಿ ಆದ ಮ್ಯಾಲ ನಿನಗ ಅಡಗಿ ಮನಿನೇ ಸಾಕಾಗ್ತದ. ಹೊಲ್ಯಾಕ ಸೆಂಟರ್‌ದಾಗ ಇಬ್ಬರನ ಇಟ್ಕೋತೀನಿ" ಎಂದ. ಅಷ್ಟು ಸಹಜವಾಗಿ ಹೇಳಿದ. ನನಗೆ ಈ ಮದುವೆ ಬೇಡ ಎಂದೆ. ಮನೆಯಲ್ಲಿ ದೊಡ್ಡ ರಾಮಾಯಣವಾಯಿತು. ಅವ್ವ ಅತ್ತಳು, ಅಪ್ಪ ಊಟ ಬಿಟ್ಟ, ನಾನು ಮಾತು ಬದಲಿಸಲಿಲ್ಲ.

ಮರುದಿನವೇ ಕಲ್ಯಾಣ ಅಂಗಡಿಯ ಪಾಸ್‌ವರ್ಡ್ ಬದಲಿಸಿದ. ಹೋದರೆ ಹೋಗಲಿ ಎಂದು ನಾನು ನನ್ನ ನಂಬರಿನಲ್ಲಿ ಹೊಸ ಅಂಗಡಿ ತೆರೆದು ಅದೇ ಕುಂಚಿಗೆ ಇಟ್ಟೆ. ಇವು ಕದ್ದ ಬಟ್ಟೆಗಳು, ಕೆ.ಕೆ. ಹುಡ್ ಅಂಗಡಿಯವರು ದೂರು ಕೊಟ್ಟಿದ್ದಾರೆ ಎಂದು ನೋಟಿಸು ಬಂತು, ಹೊಸ ಅಂಗಡಿಗೆ ಬೀಗ ಬಿತ್ತು. ನನ್ನ ಹೊಲಿಗೆಗೆ ನಾನೇ ಕಳ್ಳಿಯಾದೆ. ಹಳೆಯ ಅಂಗಡಿ ಕೈಗೆ ಬರದಿದ್ದರೆ ಇನ್ನು ಆ ಲೋಕದಲ್ಲಿ ನಾನು ಒಂದು ಗುಂಡಿಯನ್ನೂ ಹೊಲಿದು ಮಾರುವಂತಿರಲಿಲ್ಲ.

ಹೀಗಾಗಿ ಆ ಸೋಮವಾರ ಆಳಂದದ ಬಸ್ಸಿನಲ್ಲಿ ಕೂತಾಗ ನನ್ನ ತಲೆಯಲ್ಲಿ ಇದ್ದದ್ದು ಜಮಖಾನ ಒಂದೇ.

"ಅಲ್ಲಿ ನೀ ಬಾಯಿ ತೆರೀಬ್ಯಾಡ" ಎಂದ ಅಪ್ಪ. ಅಪ್ಪನ ಹೆಸರು ಖಂಡಪ್ಪ. ಅಫಜಲಪುರದಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಾನೆ. ಯಾರ ಹತ್ತಿರವೂ ಗಟ್ಟಿಯಾಗಿ ಮಾತಾಡಿದವನಲ್ಲ. "ಸಾಮಾನ ಕೊಡೋದು, ತಗೊಳ್ಳೋದು, ಬರೋದು. ಮೊದ್ಲೇ ಮಾರಿ ತೋರಸಲಾರದಂಗ ಮಾಡೀದಿ."

"ಅಂಗಡಿ ನಂದಪ್ಪಾ."

"ಆ ಗೊಂಬಿ ಅಂಗಡಿ ಮಾತು ಹಿರಿಯರ ಮುಂದ ತಗದ್ರ ನಗ್ತಾರ."

ಅವ್ವ ಜಯಮಾಲಾ ನಡುವೆ ಕೂತು ಇಬ್ಬರ ಮೊಣಕಾಲ ಮೇಲೂ ಒಂದೊಂದು ಕೈ ಇಟ್ಟಳು.

ಸಂಬಂಧ ಕೂಡಿಸಿದವರು ಆಳಂದದ ಗುರುಲಿಂಗ ಕಾಕಾ. ಅವರ ಪಡಸಾಲೆಯಲ್ಲಿ ಕೆಂಪು ಪಟ್ಟೆಯ ಜಮಖಾನ ಹಾಸಿತ್ತು. ಒಂದು ಕಡೆ ಕಲ್ಯಾಣ, ಅವನ ತಾಯಿ ಬಾಳಮ್ಮ. ಗಂಡ ತೀರಿಕೊಂಡ ಮೇಲೆ ಮನೆ ಆಳುವವರು ಅವರೇ, ಆದ್ದರಿಂದ ಗಂಡಸರ ಸಾಲಿನಲ್ಲಿ ಅವರಿಗೂ ಜಾಗವಿತ್ತು. ಇನ್ನೊಂದು ಕಡೆ ಅಪ್ಪ. ನಡುವೆ ಇಬ್ಬರು ಮೂವರು ಹಿರಿಯರು, ಅವರಲ್ಲಿ ಕಾಕಾನ ಗೆಳೆಯ, ಬಟ್ಟೆ ವ್ಯಾಪಾರಿ ಚಾಂದಪಾಶಾ. ನಾನೂ ಅವ್ವನೂ ಅಡಿಗೆ ಮನೆಯ ಬಾಗಿಲಲ್ಲಿ ನಿಂತೆವು. ಹುಡುಗಿ ಜಮಖಾನದ ಹತ್ತಿರ ಬರುವ ರೂಢಿ ಇಲ್ಲ.

ಸೀರೆ ಬಂತು, ಉಂಗುರ ಬಂತು, ವಾಚು ಬಂತು. ಬೆರಳಿನ ಅಳತೆಗೆಂದು ಒಯ್ದಿದ್ದ ನನ್ನ ಹಳೆಯ ಉಂಗುರವೂ ಬಂತು. ಬಾಳಮ್ಮನವರು ಎಂಥ ಹಟದವರೆಂದರೆ, ಅವ್ವ ಕಳಿಸಿದ್ದ ಉಪ್ಪಿನಕಾಯಿ ತಿಂದು ಮುಗಿಸಿ, ಖಾಲಿ ಭರಣಿ ತೊಳೆದು ಒರೆಸಿ ತಂದಿದ್ದರು. ಅದನ್ನು ಜಮಖಾನದ ಮೇಲೆ ಕುಕ್ಕಿ, "ಹುಡುಗಿ ಮನೀದು ಒಂದು ಎಳಿ ಸೈತ ನಮ್ಮ ಮನ್ಯಾಗ ಉಳದಿಲ್ಲ. ಉಳದ್ರ ನನ್ನ ಮನಿಗಿ ಛಲೋ ಆಗಂಗಿಲ್ಲ" ಎಂದರು.

"ಇನ್ನೇನರ ಅದನ?" ಎಂದರು ಗುರುಲಿಂಗ ಕಾಕಾ.

ಅಪ್ಪ ಇಲ್ಲವೆಂದು ತಲೆಯಾಡಿಸಿದ. ಕಲ್ಯಾಣನೂ ಆಡಿಸಿದ. ಕಾಕಾ ಬಾಗಿ ಜಮಖಾನದ ಮೂಲೆ ಹಿಡಿದರು.

"ಕಾಕಾ, ತಡೀರಿ. ನಂದೊಂದು ಉಳದದ್ರಿ."

ನನ್ನ ದನಿ ನನಗೇ ಬೇರೆ ಯಾರದೋ ಎನಿಸಿತು. ಅಪ್ಪ ತಿರುಗಿ ನೋಡಿದ. "ಅಮೃತಾ, ಒಳಗ ಹೋಗು" ಎಂದ. ನಾನು ಹೋಗಲಿಲ್ಲ. ಎರಡು ಹೆಜ್ಜೆ ಮುಂದೆ ಬಂದೆ.

"ಏನವಾ ಉಳದದ್ದು?" ಎಂದರು ಕಾಕಾ.

"ನನ್ನ ಅಂಗಡಿರಿ."

ಯಾರೋ ಕಿಸಕ್ಕೆಂದರು. "ಅಂಗಡಿ ಜಮಖಾನದ ಮ್ಯಾಲ ಹ್ಯಾಂಗ ಇಡ್ತಿ?" ಎಂದರು ಚಾಂದಪಾಶಾ. ಕೇಳಿದ್ದರಲ್ಲಿ ಕುಹಕವಿರಲಿಲ್ಲ, ನಿಜಕ್ಕೂ ಅವರಿಗೆ ತಿಳಿಯಬೇಕಾಗಿತ್ತು.

ನಾನು ಫೋನು ತೆರೆದು ಜಮಖಾನದ ನಟ್ಟನಡುವೆ, ಉಪ್ಪಿನಕಾಯಿ ಭರಣಿಯ ಪಕ್ಕ ಇಟ್ಟೆ. ಆ ದಪ್ಪ ಗೋಡೆಯ ಮನೆಯಲ್ಲಿ ನೆಟ್‌ವರ್ಕು ಸರಿಯಿರಲಿಲ್ಲ. ಪರದೆಯ ಮೇಲೆ ಚಕ್ರ ತಿರುಗಿತು, ತಿರುಗುತ್ತಲೇ ಇತ್ತು. ಎಲ್ಲರೂ ನೋಡುತ್ತಿದ್ದಾರೆ, ಅಪ್ಪ ನೆಲ ನೋಡುತ್ತಿದ್ದಾನೆ. ಬರಲಿ ದೇವರೇ, ಇವತ್ತೊಂದು ದಿನ ಬರಲಿ ಎಂದು ಮನಸ್ಸಿನಲ್ಲೇ ಗೋಗರೆದೆ. ಕೊನೆಗೂ ಬೀದಿ ತೆರೆಯಿತು. ಹೊರಗಿನ ಗಿರಾಕಿಯ ಹಾಗೆ ನನ್ನದೇ ಅಂಗಡಿಯ ಮುಂದೆ ನಾನು ನಿಂತಿದ್ದೆ. ಒಳಗೆ ಅವತಾರಗಳು ಬಟ್ಟೆ ತೊಟ್ಟು ತಿರುಗಿ ತಿರುಗಿ ನೋಡಿಕೊಳ್ಳುತ್ತಿದ್ದವು.

"ಇವ್ನೆಲ್ಲಾ ನಾ ಹೊಲದೀನ್ರಿ. ಪರದೇಶದ ಮಂದಿ ತಗೋತಾರ. ಇವ್ರು ಪಾಸ್‌ವರ್ಡ್ ಬದಲಿ ಮಾಡಿ ನನ್ನನ್ನ ಹೊರಗ ಹಾಕ್ಯಾರ."

ಚಾಂದಪಾಶಾ ಪರದೆಯ ಮೇಲೆ ಬೆರಳಾಡಿಸಿದರು. "ಅರಿಬಿ ಛಲೋ ಕಾಣ್ತದ. ಆದ್ರ ಹಿಡದು ನೋಡಾಕ ಬರಂಗಿಲ್ಲಲ್ಲ ಬೇಟಿ?"

"ಕಾಕಾ, ನಾ ಹೇಳ್ತೀನಿ ಕೇಳ್ರಿ" ಎಂದ ಕಲ್ಯಾಣ. ಸೆಂಟರಿನಲ್ಲಿ ಗಿರಾಕಿಗಳಿಗೆ ತಿಳಿಹೇಳುವ ಸಮಾಧಾನದ ದನಿ. "ನಂಬರ್ ನಂದು, ಖಾತೆ ನಂದು, ಅಂಗಡಿ ನಡಸೋನು ನಾನು. ಆಕಿ ಬ್ಯಾಸರಕ್ಕ ಚಿತ್ರ ತಗದು ಕೊಡ್ತಿದ್ಲು, ಅಷ್ಟೇ. ಅಲ್ಲೇ ಬರದದ ನೋಡ್ರಿ, ಕೆ.ಕೆ. ಹುಡ್. ಕೆ.ಕೆ. ಅಂದ್ರ ಯಾರು? ನಾನೇ."

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೆಸರು ಅವನದು, ನಂಬರು ಅವನದು. ಗುರುಲಿಂಗ ಕಾಕಾ ಕೆಟ್ಟವರಲ್ಲ, ಆದರೆ ಅವರಿಗೆ ಊಟದ ಹೊತ್ತಾಗಿತ್ತು. "ಕೈಯಾಗ ಹಿಡೀಲಾರದ್ದು ಜಮಖಾನಕ್ಕ ಬರಂಗಿಲ್ಲವಾ. ಆ ಫೋನ್ ತಗೋ" ಎಂದು ಮತ್ತೆ ಮೂಲೆ ಹಿಡಿದರು.

ಆಗ ಕಲ್ಯಾಣ ನಕ್ಕ. ದೊಡ್ಡ ನಗೆಯೇನಲ್ಲ, ತುಟಿಯ ಒಂದು ಬದಿಯಷ್ಟೇ ಸರಿದದ್ದು. ಆ ನಗೆ ನೋಡಿಯೇ ನನಗೆ ಒಂದು ಮಾತು ಹೊಳೆಯಿತು.

ಅಲ್ಲಿದ್ದ ಯಾರಿಗೂ ಅದು ಕುಂಚಿಗೆ ಎಂದು ಗೊತ್ತಾಗಿರಲಿಲ್ಲ. ಆಳೆತ್ತರದ, ನೀಲಿ ಕೂದಲಿನ ಗೊಂಬೆಯ ಮೈಮೇಲೆ ಅದನ್ನು ಯಾರು ಗುರುತಿಸಬೇಕು? ಮೇಲಾಗಿ ಕಲ್ಯಾಣ ಅದಕ್ಕೆ ಹುಡ್ ಎಂದು ಹೆಸರಿಟ್ಟಿದ್ದ. ನಮ್ಮಲ್ಲಿ ಕುಂಚಿಗೆ ಹೊಲಿಯುವುದು ಹುಡುಗಿಯ ತವರಿನವರು. ಬಾಣಂತನ ಮುಗಿಸಿ ಕೂಸನ್ನು ಗಂಡನ ಮನೆಗೆ ಕಳಿಸುವಾಗ ತಲೆಗೆ ಹಾಕಿ ಕಳಿಸುತ್ತಾರೆ. ಹುಡುಗಿಯ ಮನೆಯ ಕುಂಚಿಗೆ ಗಂಡಿನ ಮನೆಯಲ್ಲಿದೆ ಎಂದರೆ ಅಲ್ಲೊಂದು ಕೂಸಿದೆ ಎಂದೇ ಅರ್ಥ. ಮದುವೆಯೇ ಆಗದ, ನಿಶ್ಚಯ ಮುರಿದ ಹುಡುಗಿಯ ಮನೆಯ ಕುಂಚಿಗೆ ಅಲ್ಲಿದೆ ಎಂದರೆ? ಬಾಳಮ್ಮನವರು ಅಂಥದನ್ನು ಒಂದು ಗಳಿಗೆಯೂ ಮನೆಯಲ್ಲಿ ಇಟ್ಟುಕೊಳ್ಳುವವರಲ್ಲ. ಅದು ನನಗೆ ಖಾತ್ರಿ ಇತ್ತು. ಆದರೆ ಆ ಮಾತು ಬಾಯಿಂದ ಬಿದ್ದರೆ ಮಂದಿ ಮೊದಲು ನೋಡುವುದು ಕಂಪ್ಯೂಟರನ್ನಲ್ಲ, ನನ್ನನ್ನು. ಆಳಂದದಲ್ಲಿ ಆಡಿದ ಮಾತು ಸಂಜೆಯೊಳಗೆ ಜೇವರ್ಗಿ ದಾಟಿ ನೆಲೋಗಿ, ಅಂದೋಲಾದವರೆಗೆ ಹೋಗುತ್ತದೆ. ಹೋಗುವಾಗ ಇದ್ದ ಹಾಗೆಯೇ ಹೋಗುವುದಿಲ್ಲ.

ಹಿಂದಿನಿಂದ ಯಾರೋ ನನ್ನ ಓಢಣಿ ಜಗ್ಗಿದರು. ಅವ್ವ. ನಾನು ಕೂತು ಕೂತು ಆ ಕುಂಚಿಗೆ ಹೊಲಿದದ್ದನ್ನು ನೋಡಿದವಳು ಅವಳೊಬ್ಬಳೇ. "ಬ್ಯಾಡ" ಎಂದಳು, ತುಟಿಯಲ್ಲೇ.

ನಾನು ಓಢಣಿ ಬಿಡಿಸಿಕೊಂಡೆ.

"ಕಾಕಾ, ಹುಡ್ ಅನ್ನೋದು ಇವ್ರು ಇಟ್ಟ ಹೆಸರು. ಅದು ಕುಂಚಿಗಿರಿ. ಖಣದ ಕುಂಚಿಗಿ. ನಾ ಹೊಲದದ್ದು. ನಮ್ಮ ಮನಿ ಕುಂಚಿಗಿ ಇವ್ರ ಕಡೆ ಉಳದದ."

ಗುರುಲಿಂಗ ಕಾಕಾನ ಕೈಯಿಂದ ಜಮಖಾನದ ಮೂಲೆ ಜಾರಿತು. "ಹುಡುಗಿ, ನೀ ಏನ್ ಹೇಳಾಕತ್ತಿ ಅನ್ನೂದು ನಿನಗ ಗೊತ್ತದನ?" ಎಂದರು.

"ಗೊತ್ತದ್ರಿ."

ಬಾಳಮ್ಮನವರು ಫೋನು ಎತ್ತಿ ಕಣ್ಣಿಗೆ ಹತ್ತಿರ ಹಿಡಿದರು. ನೋಡಿದರು. ಮತ್ತೆ ನೋಡಿದರು. ಆಮೇಲೆ ತಲೆ ಎತ್ತಿ ನನ್ನನ್ನು ನೋಡಿದರು. ಮುಖವನ್ನಲ್ಲ, ಹೊಟ್ಟೆಯನ್ನು. ಅವರ ಕಣ್ಣು ಹೋದಲ್ಲಿಗೆ ಹಿರಿಯರ ಕಣ್ಣೂ ಹೋಯಿತು. ನಾನು ಕೈ ಅಡ್ಡ ಹಿಡಿಯಲಿಲ್ಲ. ಭೂಮಿ ಬಾಯಿಬಿಟ್ಟರೆ ಸಾಕೆನಿಸಿತು, ಆದರೂ ಹಿಡಿಯಲಿಲ್ಲ.

"ಲೇ ಕಲ್ಯಾಣ್ಯಾ, ಇದು ಕುಂಚಿಗಿನೇ ಏನ್ಲೇ?"

"ಅವ್ವಾ, ಅದು ಡಿಸೈನ್..."

"ಕುಂಚಿಗಿ ಹೌದೋ ಅಲ್ಲೋ ಅಷ್ಟ ಹೇಳು."

ಕಲ್ಯಾಣ ನನ್ನ ಕಡೆ ನೋಡಿದ. ಅವನ ಮುಖದಲ್ಲಿ ಈಗ ನಗೆ ಇರಲಿಲ್ಲ. "ಹೌದು" ಎಂದ.

"ಮದ್ವಿ ಇಲ್ಲ, ಮುಂಜಿ ಇಲ್ಲ, ಬಿಟ್ಟ ಹುಡುಗಿ ಕಡಿಂದು ಕುಂಚಿಗಿ ಇಟ್ಕೊಂಡು ಕುಂತೀಯಾ? ಅದ್ರ ಮ್ಯಾಲ ನಿನ್ನ ಹೆಸರ ಬ್ಯಾರೆ ಬರಸೀದಿ! ನಾಳೆ ನಿನಗ ಹೆಣ್ಣು ಯಾರ್ ಕೊಡ್ತಾರ? ಎಳಿ ಸೈತ ಉಳದಿಲ್ಲ ಅಂತ ನಾ ಈಗ ಬಾಯಿಬಿಟ್ಟು ಹೇಳೀನಿ. ಕೊಡು, ಈಗಿಂದೀಗ ಕೊಡು."

"ಅದು ಬರೇ ಚಿತ್ರ ಅವ್ವಾ. ಅದರಾಗ ಎಷ್ಟ್ ಬರ್ತದ ನಿನಗ ಗೊತ್ತಿಲ್ಲ."

"ಬರೋದಕ್ಕ ಬೆಂಕಿ ಹಚ್ಚು!"

ಅವನು ಪಾಸ್‌ವರ್ಡ್ ಹೇಳಿದ. ಹಲ್ಲು ಕಚ್ಚಿಕೊಂಡು ಹೇಳಿದ್ದರಿಂದ ಎರಡು ಸಲ ಕೇಳಬೇಕಾಯಿತು. ನನ್ನ ಬೆರಳು ಬೆವೆತು ಅಕ್ಷರ ತಪ್ಪುತ್ತಿದ್ದವು. ಬಾಗಿಲು ತೆರೆಯಿತು. ಆದರೆ ಅಷ್ಟಕ್ಕೇ ಮುಗಿಯಲಿಲ್ಲ. ನಂಬರು ಬದಲಿಸದಿದ್ದರೆ ಇವನು ಜೇವರ್ಗಿ ಮುಟ್ಟುವುದರೊಳಗೆ ಮತ್ತೆ ನನ್ನನ್ನು ಹೊರಗೆ ಹಾಕುತ್ತಿದ್ದ. ನನ್ನ ನಂಬರು ಹಾಕಿದೆ. ಹಳೆಯ ನಂಬರಿಗೆ ಓಟಿಪಿ ಕಳಿಸಿದ್ದೇವೆ ಎಂದು ಪರದೆ ಹೇಳಿತು. ಪಕ್ಕದಲ್ಲಿ ಸಮಯ ಇಳಿಯತೊಡಗಿತು.

"ಓಟಿಪಿ ಬಂದದ, ಹೇಳ್ರಿ."

"ಬಂದಿಲ್ಲ" ಎಂದ ಕಲ್ಯಾಣ. ಅವನ ಅಂಗಿಯ ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿದ್ದು ಎಲ್ಲರಿಗೂ ಕೇಳಿಸಿತ್ತು.

"ಅರೇ ಬೇಟಾ, ಜೇಬು ಗುಂಯ್ ಅಂತಲ್ಲ" ಎಂದರು ಚಾಂದಪಾಶಾ.

ಅವನು ತೆಗೆದು ಓದಿದ. ನಾನು ಒತ್ತಿದೆ. ತಪ್ಪು ಎಂದು ಕೆಂಪು ಅಕ್ಷರ ಬಂತು. ಇನ್ನೊಂದು ಸಲ ತಪ್ಪಿದರೆ ಅಂಗಡಿಗೆ ಬೀಗ ಬೀಳುತ್ತದೆ ಎಂದೂ ಬಂತು. ಅವನು ಬೇಕೆಂದೇ ಒಂದು ಅಂಕಿ ಬದಲಿಸಿ ಓದಿದ್ದ. "ತಪ್ಪ ಹೇಳ್ಯಾರ್ರಿ" ಎಂದೆ.

ಬಾಳಮ್ಮನವರು ಮಗನ ಕೈಯಿಂದ ಫೋನು ಕಿತ್ತುಕೊಂಡರು. ಓದಲು ಅವರಿಗೆ ಬಾರದು. ಗುರುಲಿಂಗ ಕಾಕಾನಿಗೆ ಕೊಟ್ಟರು. ಕಾಕಾ ಚಸ್ಮಾ ಹುಡುಕತೊಡಗಿದರು. ಪರದೆಯಲ್ಲಿ ಸಮಯ ಇಳಿಯುತ್ತಲೇ ಇತ್ತು. ಚಾಂದಪಾಶಾ ಫೋನು ತೆಗೆದುಕೊಂಡು ತೋಳುದ್ದ ದೂರ ಹಿಡಿದು, ಅಂಗಡಿಯಲ್ಲಿ ಬಟ್ಟೆ ಅಳೆಯುವಾಗ ಎಣಿಸುವ ಹಾಗೆ, "ಚಾರ್... ನೌ... ಏಕ್... ಏಕ್... ಸಾತ್... ದೋ" ಎಂದು ಒಂದೊಂದಾಗಿ ಕೂಗಿದರು. ನಾನು ಒಂದೊಂದಾಗಿ ಒತ್ತಿದೆ. ಮತ್ತೆ ಚಕ್ರ ತಿರುಗಿತು. ಅವರಿಗೆ ಏನು ಅರ್ಥವಾಗಿತ್ತೋ ದೇವರಿಗೇ ಗೊತ್ತು, ಆದರೆ ಎಲ್ಲರೂ ಆ ಚಕ್ರವನ್ನೇ ನೋಡುತ್ತಿದ್ದರು.

ನಂಬರು ಬದಲಾಯಿತು.

"ಆಯ್ತನ?" ಎಂದರು ಕಾಕಾ.

"ಆಯ್ತ್ರಿ."

ಬಾಳಮ್ಮನವರು ರೀತಿಯ ಪ್ರಕಾರ ಎಲ್ಲರಿಗೂ ಕೇಳುವಂತೆ, "ಕುಂಚಿಗಿ ಅವರದು, ಅವರಿಗಿ ಮುಟ್ಟಿತು" ಎಂದು ಹೇಳಿದರು. ಕಾಕಾ ಜಮಖಾನ ಮಡಚಿದರು. ಕಲ್ಯಾಣ ಹೊರಗೆ ಹೋಗಿ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದ. ಒಂದು ಕ್ಷಣ ಅವನ ಬಗ್ಗೆ ಅಯ್ಯೋ ಎನಿಸಿತು. ಆ ಗೋಡೆಗಳಿಗೆ ಚಿತ್ರ ಹಚ್ಚಿದವನು ಅವನೇ. ಆದರೆ ತಪ್ಪು ಓಟಿಪಿ ನೆನಪಾಗಿ ಆ ಅಯ್ಯೋ ಅಲ್ಲೇ ನಿಂತಿತು.

ನಾವು ಹೊಸ್ತಿಲು ದಾಟುವಾಗ ಗುರುಲಿಂಗ ಕಾಕಾ ಅಪ್ಪನನ್ನು ಬದಿಗೆ ಕರೆದರು. ಮೆಲ್ಲಗೇ ಹೇಳಿದರು, ನನಗೂ ಕೇಳಿಸಿತು. "ಖಂಡಪ್ಪಾ, ಸಿಟ್ಟಾಗಬ್ಯಾಡ. ಇನ್ನ ಈ ಹುಡುಗಿ ಸಂಬಂಧದ ಮಾತು ನನಗ ಹಚ್ಚಬ್ಯಾಡ." ಅಪ್ಪ ಹೂಂ ಎಂದ.

ಬಸ್ಸಿನಲ್ಲಿ ಅವ್ವ ಕಿಟಕಿಗೆ ಕೂತಳು, ನಾನು ನಡುವೆ, ಈ ಕಡೆ ಅಪ್ಪ. ನಾನು ಫೋನು ತೆರೆದೆ. ಅಂಗಡಿ ಇದ್ದ ಹಾಗೇ ಇತ್ತು. ಗಿರಾಕಿಗಳು ಬರುತ್ತಿದ್ದರು, ತೊಟ್ಟು ನೋಡುತ್ತಿದ್ದರು. ಸಂತೋಷ ಉಕ್ಕಿ ಬಂದು ಅದನ್ನು ಮುಚ್ಚಿಟ್ಟುಕೊಳ್ಳಲು ತುಟಿ ಕಚ್ಚಿದೆ. ಮೊದಲು ಅವನ ಬ್ಯಾಂಕ್ ಖಾತೆ ತೆಗೆದು ನನ್ನದು ಹಾಕಿದೆ, ಆಮೇಲೆ ಆ ಕೆ.ಕೆ. ಹೆಸರು ತೆಗೆದುಹಾಕಿದೆ. ಅಂಗಡಿಯ ಒಡತಿಯ ಹೆಸರೇನು ಎಂದು ಕೇಳಿತು. ನಮ್ಮ ಕಡೆ ಹೇಗೆ ಬರೆಯುತ್ತಾರೋ ಹಾಗೇ ಬರೆದೆ: ಅಮೃತ ಖಂಡಪ್ಪ. ಅಪ್ಪನಿಗೆ ತೋರಿಸಬೇಕೆಂದು ಫೋನು ಅವನ ಕಡೆ ವಾಲಿಸಿದೆ.

ಅಪ್ಪ ಫೋನು ನೋಡಲಿಲ್ಲ. ಕಂಡಕ್ಟರ್ ಮುಂದೆ ಹೋಗುವವರೆಗೆ ಕಾದು, ನನ್ನ ಕಿವಿಯ ಹತ್ತಿರ ಬಾಗಿದ.

"ಅಮೃತಾ, ಖರೆ ಹೇಳು. ಅದು ಬರೇ ಕಂಪ್ಯೂಟರ್‌ದಾಗಿನ ಕುಂಚಿಗಿನೇ ಹೌದಲ್ಲ?"

ಅವ್ವ ಕಿಟಕಿಯ ಆಚೆ ನೋಡುತ್ತಿದ್ದಳು. ಅವಳಿಗೂ ಕೇಳಿಸಿತ್ತು. ನಾನು ಹೊಲಿದದ್ದನ್ನು ಕಣ್ಣಾರೆ ಕಂಡವಳು ಹೌದೆನ್ನಲಿಲ್ಲ, ಅಪ್ಪನಿಗೆ ಛೀ ಎನ್ನಲೂ ಇಲ್ಲ. ಆ ಪಡಸಾಲೆಯಲ್ಲಿ ಅಷ್ಟು ಜನ ನನ್ನ ಹೊಟ್ಟೆ ನೋಡಿದಾಗ ನನಗೆ ನೋವಾಗಿತ್ತು, ಆದರೆ ಅವರು ಹೊರಗಿನವರು ಎಂದುಕೊಂಡಿದ್ದೆ.

"ಹೌದಪ್ಪಾ, ಬರೇ ಕಂಪ್ಯೂಟರ್‌ದಾಗಿಂದು" ಎಂದೆ.

ಅಪ್ಪ ಉಸಿರು ಬಿಟ್ಟ. ಆ ಉಸಿರಿನಲ್ಲಿದ್ದ ಸಮಾಧಾನ ಕೇಳಿ ಬಂದ ಸಿಟ್ಟು ನನಗೆ ಕಲ್ಯಾಣನ ಮೇಲೂ ಬಂದಿರಲಿಲ್ಲ. ಫೋನು ನನ್ನ ಕಡೆ ತಿರುಗಿಸಿಕೊಂಡು, ಹೆಸರಿನ ಜಾಗದಲ್ಲಿ ಬರೆದದ್ದನ್ನು ಕೊನೆಯಿಂದ ಒಂದೊಂದೇ ಅಕ್ಷರ ಅಳಿಸುತ್ತ ಬಂದೆ. ಅಮೃತ ಎಂಬುದಷ್ಟೇ ಉಳಿದಾಗ ನಿಲ್ಲಿಸಿದೆ. ಅಪ್ಪ ಈಗ ನೋಡುತ್ತಿದ್ದ, ಅವನಿಗೆ ಓದು ಬರುತ್ತದೆ. ನಾನು ಒಪ್ಪಿಗೆಯ ಗುಂಡಿ ಒತ್ತಿದೆ.